ರವದಿಯ ಕೆಳಗಿನ ತಂಪು

ಮಟಮಟ ಮಧ್ಯಾಹ್ನ. ಮೇಡ್ಲೇರಿ ಎಂಬ ಊರಿನ ಟೊಮೆಟೊ ಹೊಲವೊಂದರಲ್ಲಿ ರೈತರು ಗಿಡದ ಬುಡಕ್ಕೆ ಹೊದಿಸಿದ ಒಣ ರವದಿ ಸರಿಸಿ, "ಕೈ ಇಡ್ರೀ ಇಲ್ಲೆ" ಎಂದರು. ಇಟ್ಟೆ. ನೀರು ತುಂಬಿದ ಮಡಕೆ ಮುಟ್ಟಿದಂತಾಯಿತು. ಎರಡು ಮಾರು ಆಚೆ, ಏನೂ ಹೊದಿಸದ ಎರೆಭೂಮಿ ಬೆರಳು ತೂರುವಷ್ಟು ಬಿರಿದಿತ್ತು. 'ಸಾವಯವ' ಎಂದರೆ ಮೊದಲು ಗುಮಾನಿ ಪಡುವವನು ನಾನು. ಆ ತಂಪಿಗೆ ಮಾತ್ರ ಎದುರುತ್ತರ ಹೊಳೆಯಲಿಲ್ಲ.

ರವದಿ ಬೇರೆಲ್ಲಿಂದಲೋ ತಂದದ್ದಲ್ಲ, ಪಕ್ಕದ ಹೊಲದ ಗೋವಿನಜೋಳದ್ದು. ಸುಗ್ಗಿ ಮುಗಿದ ಮೇಲೆ ಎಷ್ಟೋ ಮಂದಿ ಕಡ್ಡಿ ಗೀರಿ ಸುಡುವ ಸರಕು. ಸಸಿ ಬೇರು ಹಿಡಿದ ಮೇಲೆ ಮೂರ್ನಾಲ್ಕು ಇಂಚು ದಪ್ಪ ಹಾಸುತ್ತಾರೆ, ಕಾಂಡಕ್ಕೆ ತಾಗಿಸುವುದಿಲ್ಲ. ತಾಗಿದರೆ ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ಡ್ರಿಪ್ ಪೈಪು ಅಡಿಯಲ್ಲೇ ಇರುತ್ತದೆ. ಗೆದ್ದಲು ಬಾರದೇ ಎಂದೆ. "ಬರ್ತಾವ್ರೀ, ಒಣಗಿದ್ದು ತಿಂದು ಹೋಗ್ತಾವು" ಎಂದರು. ನನಗೇನೋ ಪೂರ್ತಿ ನಂಬಿಕೆಯಿಲ್ಲ.

ರವದಿಯ ಬದಲು ಹಾಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್ ಪೇಪರಿನ ಕಥೆ ಹೀಗಿದೆ. 1948ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಮ್ಮರ್ಟ್ ಎಂಬ ಪ್ರಾಧ್ಯಾಪಕ ಗಾಜು ಕೊಳ್ಳಲು ದುಡ್ಡು ಸಾಲದೆ ಗ್ರೀನ್‌ಹೌಸ್‌ಗೆ ಪ್ಲಾಸ್ಟಿಕ್ ಹೊದಿಸಿದ. ಮುಂದೆ ಅದು ನೆಲಕ್ಕಿಳಿಯಿತು. ನಮ್ಮಲ್ಲಿ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ 2014ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ 32,000 ರೂಪಾಯಿ ಖರ್ಚೆಂದು ಹಿಡಿದು ಅರ್ಧ ಸಹಾಯಧನ ಕೊಟ್ಟಿತು. ಕಸ ಬೆಳೆಯದು, ನೀರು ಉಳಿಯುತ್ತದೆ, ಬೆಳ್ಳಿಬಣ್ಣದ ಮೈಗೆ ಥ್ರಿಪ್ಸ್ ನುಸಿ ಹೆದರುತ್ತದೆ. ಇದೆಲ್ಲ ನಿಜ. ಆದರೆ 25 ಮೈಕ್ರಾನ್ ಹಾಳೆ ತಲೆಗೂದಲಿಗಿಂತ ತೆಳು. ಬೆಳೆ ಮುಗಿದ ಮೇಲೆ ಎಳೆದರೆ ಚೂರುಚೂರು. ಜಗತ್ತಿನ ಕೃಷಿ ವರ್ಷಕ್ಕೆ 1 ಕೋಟಿ 25 ಲಕ್ಷ ಟನ್ ಪ್ಲಾಸ್ಟಿಕ್ ಬಳಸುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಹೇಳಿತು. ಅದರ ಒಂದಿಷ್ಟು ಚೂರು ಈ ಬದುವಿನ ಜಾಲಿಗಿಡಕ್ಕೂ ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು.

ನನಗೆ ಹುಚ್ಚು ಹಿಡಿಸಿರುವುದು ಮಾತ್ರ ಇನ್ನೊಂದು: ನಿಂತ ಹೊದಿಕೆ! ಎರೆಭೂಮಿ ಒಮ್ಮೆ ನೆನೆದರೆ ಮೈ ಮುಚ್ಚಿಕೊಳ್ಳುತ್ತದೆ, ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ. ಅದಕ್ಕೆ ಸೊಲ್ಲಾಪುರ, ಬಳ್ಳಾರಿ ಕಡೆಯ ಒಣಬೇಸಾಯದ ವಿಜ್ಞಾನಿಗಳು ಕಂಡುಕೊಂಡ ಉಪಾಯ ನೋಡಿ. ನಾಲ್ಕೈದು ಮೀಟರಿಗೊಂದರಂತೆ ಅರ್ಧ ಅಡಿ ಅಗಲ, ಒಂದಡಿ ಆಳದ ಕಾಲುವೆ ತೋಡಿ, ಅದರಲ್ಲಿ ಜೋಳದ ಕಣಿಕೆಯನ್ನು ನೆಟ್ಟಗೆ ತುರುಕುವುದು, ತುದಿ ನೆಲದ ಮೇಲೆ ಗೇಣಿನ ಅರ್ಧದಷ್ಟು ಕಾಣುವಂತೆ. ಮಣ್ಣು ಬಾಯಿ ಮುಚ್ಚಿದರೂ ಕಣಿಕೆಯ ಸಂದಿಯಿಂದ ನೀರು ಒಳಗಿಳಿಯುತ್ತದೆ. ಹೊಲಕ್ಕೇ ಬತ್ತಿ ಇಟ್ಟಂತೆ! ಇಷ್ಟು ಚೆಂದದ ಯುಕ್ತಿ ಯಾಕೆ ಊರೂರಿಗೆ ಹಬ್ಬಲಿಲ್ಲ?

ಬದುವಿನ ಮೇಲೆ ಕೂತು ಚಿತ್ರ ಬರೆದು, ಹದಿನೈದು ನಿಮಿಷ ವಿವರಿಸಿದೆ. ರೈತರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ದನದ ಕೊಟ್ಟಿಗೆಯ ಕಡೆ ನೋಡಿ, "ಕಣಿಕಿ ಎಲ್ಲಾ ಹೊಲದಾಗ ಹುಗದ್ರ ನಮ್ಮ ಎಮ್ಮಿ ಏನ್ ತಿನ್ನಬೇಕ್ರೀ?" ಎಂದರು.

ಹೊರಡುವಾಗ ಕಂಡೆ: ಮೆಣಸಿನಗಿಡದ ನಾಲ್ಕು ಸಾಲಿಗೆ ಅವರೂ ಬೆಳ್ಳಿ ಪೇಪರನ್ನೇ ಹಾಸಿದ್ದರು. ಥ್ರಿಪ್ಸ್ ತರುವ ಎಲೆ ಮುರುಟಿಗೆ ಅಂಜಿ.