ಹತ್ತು ಕುದುರೆಯ ಕೆಲಸ, ನೂರು ಕುದುರೆಯ ಮೇವು

ಕಾರಿನ ಷೋರೂಮಿಗೆ ಅಪ್ಪ, ಮಗ ಒಟ್ಟಿಗೆ ಹೋದರೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. "ಮೈಲೇಜ್ ಎಷ್ಟು ಕೊಡುತ್ತೆ?" ಎನ್ನುತ್ತಾನೆ ಅಪ್ಪ. "ಪಿಕಪ್ ಹೇಗಿದೆ?" ಎನ್ನುತ್ತಾನೆ ಮಗ. ಇಬ್ಬರ ಮುಖವನ್ನೂ ನೋಡಿ ಸೇಲ್ಸ್‌ನ ಹುಡುಗ "ಎರಡೂ ಇದೆ ಸಾರ್" ಎಂದುಬಿಡುತ್ತಾನೆ. ಅವನ ಮಾತು ಪೂರ್ತಿ ನಿಜವಲ್ಲ, ಹಾಗೆಂದು ಸುಳ್ಳೂ ಅಲ್ಲ. ಎಷ್ಟು ನಿಜ ಎಂದು ತಿಳಿಯಲು ಬಾನೆಟ್ ಎತ್ತಿ ನೋಡಬೇಕು.

ಮೊದಲು ಒಂದು ಲೆಕ್ಕ. ಸುಮಾರು ಒಂದು ಟನ್ ತೂಕದ ಚಿಕ್ಕ ಕಾರು ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡುತ್ತಿದೆ ಎನ್ನಿ. ಎದುರು ಗಾಳಿಯನ್ನು ಸೀಳಲು, ಉರುಳುವ ಟೈರುಗಳ ತಡೆಯನ್ನು ಮೀರಲು ಅದಕ್ಕೆ ಬೇಕಾದದ್ದು ಹತ್ತು ಅಶ್ವಶಕ್ತಿಯ ಆಸುಪಾಸು, ಅಷ್ಟೇ. ಒಂದು ಸ್ಕೂಟರಿನ ಎಂಜಿನ್ ಕೊಡುವಷ್ಟು! ಆದರೆ ಕಾರಿನಲ್ಲಿ 80, 100, ಕೆಲವೊಮ್ಮೆ 150 ಅಶ್ವಶಕ್ತಿಯ ಎಂಜಿನ್ ಇರುತ್ತದೆ. ಲಾರಿಯನ್ನು ಓವರ್‌ಟೇಕ್ ಮಾಡುವ ಐದಾರು ಸೆಕೆಂಡಿಗೆ, ಘಾಟಿ ಏರುವ ಹತ್ತಿಪ್ಪತ್ತು ನಿಮಿಷಕ್ಕೆ ಆ ಕುದುರೆಗಳೆಲ್ಲ ಬೇಕು. ಉಳಿದ ಹೊತ್ತು ಲಾಯದಲ್ಲಿ ನೂರು ಕುದುರೆ ಕಟ್ಟಿ, ಹತ್ತನ್ನು ಮಾತ್ರ ಗಾಡಿಗೆ ಹೂಡಿದ ಹಾಗೆ. ಸುಮ್ಮನೆ ನಿಂತ ತೊಂಬತ್ತಕ್ಕೂ ಮೇವು ಹಾಕಲೇಬೇಕು.

ಆ ಮೇವಿನ ಖರ್ಚು ಎಲ್ಲಿ ಆಗುತ್ತದೆ? ಪೆಟ್ರೋಲ್ ಎಂಜಿನ್ನಿನ ಗಂಟಲಲ್ಲಿ. ಅಲ್ಲಿ ಥ್ರಾಟಲ್ ಎಂಬ ಪುಟ್ಟ ಬಾಗಿಲಿದೆ. ನಾವು ಆಕ್ಸಿಲರೇಟರ್ ಮೇಲಿಂದ ಕಾಲು ಸಡಿಲಿಸಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಆಗ ಪಿಸ್ಟನ್‌ಗಳು ಆ ಕಿರಿದಾದ ಸಂದಿಯಿಂದಲೇ ಗಾಳಿ ಎಳೆಯಬೇಕು. ಸ್ಟ್ರಾ ಹಿಚುಕಿ ಹಿಡಿದು ಎಳನೀರು ಕುಡಿಯಲು ನೋಡಿ, ಕೆನ್ನೆ ನೋಯುತ್ತದೆ. ಎಂಜಿನ್ನಿನ ಪಾಡೂ ಅದೇ. ಅದರ ಮೇಲೆ ಎಲ್ಲ ಪಿಸ್ಟನ್‌ಗಳ ತಿಕ್ಕಾಟ ಬೇರೆ. ಹೀಗಾಗಿ ಕೆಲಸ ಹಗುರವಾದಷ್ಟೂ ಎಂಜಿನ್ನಿನ ದುಂದು ಹೆಚ್ಚುತ್ತದೆ. ಮೈಮುರಿದು ದುಡಿಯುವಾಗ ಪೆಟ್ರೋಲಿನ ಶಕ್ತಿಯ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಕೆಲಸಕ್ಕೆ ತಿರುಗಿಸುವ ಎಂಜಿನ್, ತೆವಳುವಾಗ ಐದನೇ ಒಂದು ಭಾಗವನ್ನೂ ತಿರುಗಿಸದೆ ಹೋಗಬಹುದು. ಡೀಸೆಲ್ ಎಂಜಿನ್ ಗಾಳಿಯನ್ನು ಹೀಗೆ ತಡೆಯುವುದಿಲ್ಲ. ಅದರ ಮಿತವ್ಯಯಕ್ಕೆ ಇದೂ ಒಂದು ಕಾರಣ.

ಅಂದಮೇಲೆ ಎಂಜಿನಿಯರುಗಳ ಮುಂದಿರುವ ಸವಾಲು ಇಷ್ಟು: ಬೇಕೆಂದಾಗ ನೂರು ಕುದುರೆ ಎದ್ದು ಬರಬೇಕು, ಬೇಡವಾದಾಗ ಅವು ಮೇವು ಕೇಳಬಾರದು.

ಇದಕ್ಕೆ ಒಂದು ಉಪಾಯ, ಎಂಜಿನ್ನನ್ನೇ ಚಿಕ್ಕದು ಮಾಡಿ ಟರ್ಬೊ ಜೋಡಿಸುವುದು. ಹೊರಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಒಂದು ಲೀಟರಿನ ಎಂಜಿನ್ ಒಂದೂವರೆ ಲೀಟರಿನದರಂತೆ ಎಳೆಯುತ್ತದೆ. ಆದರೆ ಟರ್ಬೊ ಎರಡು ನಾಲಿಗೆಯದು. ಮೆಲ್ಲಗೆ ಹೋದರೆ ಉಳಿತಾಯ ನಿಜ, ಸದಾ ಒತ್ತಿ ಓಡಿಸಿದರೆ ಚಿಕ್ಕ ಎಂಜಿನ್ ದೊಡ್ಡದರಷ್ಟೇ ಕುಡಿಯುತ್ತದೆ.

ಇನ್ನೊಂದು ಉಪಾಯ, ಬೇಡದ ಸಿಲಿಂಡರುಗಳನ್ನು ಮಲಗಿಸುವುದು. 2012ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಪೋಲೊ ಬ್ಲೂಜಿಟಿ ಎಂಬ ಚಿಕ್ಕ ಕಾರನ್ನು ಜಿನೀವಾ ಮೋಟಾರು ಮೇಳದಲ್ಲಿ ತೋರಿಸಿತು. ಅದರ 1.4 ಲೀಟರ್ ಟರ್ಬೊ ಎಂಜಿನ್‌ಗೆ 140 ಅಶ್ವಶಕ್ತಿ. ಆದರೆ ಅಷ್ಟು ಬಲ ಬೇಡವಾದಾಗ, ನಿಮಿಷಕ್ಕೆ ಸುಮಾರು 1,400ರಿಂದ 4,000 ಸುತ್ತಿನ ನಡುವೆ, ನಾಲ್ಕರಲ್ಲಿ ಎರಡು ಸಿಲಿಂಡರುಗಳು ಮಲಗಿಬಿಡುತ್ತಿದ್ದವು. ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ಒಂದು ತುಣುಕು ಪಕ್ಕಕ್ಕೆ ಸರಿದರೆ ಆ ಸಿಲಿಂಡರುಗಳ ವಾಲ್ವ್‌ಗಳು ಮುಚ್ಚಿದಲ್ಲೇ ಉಳಿಯುತ್ತವೆ, ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಉಳಿದೆರಡರ ಮೇಲೆ ಇಮ್ಮಡಿ ಹೊರೆ. ಅದಕ್ಕಾಗಿ ಥ್ರಾಟಲ್ ಅಗಲವಾಗಿ ತೆರೆಯಬೇಕು, ಹಿಚುಕಿದ ಸ್ಟ್ರಾ ಬಿಡಿಸಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ರೆಪ್ಪೆ ಮಿಟುಕಿಸುವುದರೊಳಗೆ ನಾಲ್ಕೂ ಎದ್ದು ನಿಲ್ಲುತ್ತವೆ. ಆ ಪೋಲೊ ನಮ್ಮಲ್ಲಿ ಮಾರಾಟಕ್ಕೆ ಬರಲಿಲ್ಲ. ಆದರೆ 2022ರಲ್ಲಿ ಇಲ್ಲಿ ಬಿಡುಗಡೆಯಾದ ಅದೇ ಕಂಪನಿಯ ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್ 150 ಅಶ್ವಶಕ್ತಿಯೊಂದಿಗೆ ಇದೇ ವಿದ್ಯೆಯನ್ನು ತಂದಿತು. ಆ ಕಾರು ತಯಾರಾಗುವುದು ಪುಣೆಯ ಬಳಿಯ ಚಾಕಣದಲ್ಲಿ.

ಜಪಾನಿನ ಸುಜುಕಿ ಹಿಡಿದ ದಾರಿ ಇನ್ನೂ ಸರಳ: ತೂಕ ಇಳಿಸುವುದು. 2017ರಲ್ಲಿ ಜಪಾನಿನಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ಗೂ 140 ಅಶ್ವಶಕ್ತಿಯೇ, ಆದರೆ ಕಾರಿನ ತೂಕ 970 ಕಿಲೊ. ಹೆಚ್ಚು ಬಲದ ಉಕ್ಕನ್ನು ಬಳಸಿದರೆ ಗಟ್ಟಿತನ ಬಿಟ್ಟುಕೊಡದೆ ಲೋಹವನ್ನು ಕಡಿಮೆ ಮಾಡಬಹುದು. 2024ರಲ್ಲಿ ಭಾರತಕ್ಕೆ ಬಂದ ಸ್ವಿಫ್ಟ್, ಸ್ಪೋರ್ಟ್ಸ್ ಕಾರೇನಲ್ಲ. ಮೂರು ಸಿಲಿಂಡರ್, ಸುಮಾರು 80 ಅಶ್ವಶಕ್ತಿ. ಆದರೂ ಒಂದು ಟನ್ನು ಮುಟ್ಟದ ಮೈಯಿಂದಾಗಿ ತಿರುವುಗಳಲ್ಲಿ ಚುರುಕು, ಮ್ಯಾನುಯಲ್ ಗೇರಿನಲ್ಲಿ ಲೀಟರಿಗೆ 24.8 ಕಿ.ಮೀ. ಎಂಬುದು ಅದರ ಪರೀಕ್ಷಾ ಅಂಕಿ. ಆ ಪರೀಕ್ಷೆ ನಡೆಯುವುದು ರೋಲರುಗಳ ಮೇಲೆ, 90 ಕಿ.ಮೀ. ವೇಗ ಮೀರದಂತೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಆ ಪ್ರಯೋಗಾಲಯದಲ್ಲಿಲ್ಲ.

ತೂಕದ ಮಹಿಮೆ ತಿಳಿಯಬೇಕಾದರೆ ಬ್ರೇಕಿನ ಖರ್ಚನ್ನು ಲೆಕ್ಕ ಹಾಕಬೇಕು. ಒಂದು ಟನ್ನಿನ ಕಾರು 80 ಕಿ.ಮೀ. ವೇಗ ಪಡೆಯಲು ಸುಮಾರು 30 ಮಿಲಿಲೀಟರ್ ಪೆಟ್ರೋಲ್ ಉರಿಯಬೇಕು, ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಮೂರು ಸಲ ಅಳೆದಷ್ಟು. ಬ್ರೇಕ್ ತುಳಿದು ಪೂರ್ತಿ ನಿಲ್ಲಿಸಿದಿರೋ, ಆ ದುಡಿಮೆಯೆಲ್ಲ ಡಿಸ್ಕುಗಳ ಬಿಸಿಯಾಗಿ ಗಾಳಿಗೆ ಹೋಯಿತು. ಲೀಟರ್ ಪೆಟ್ರೋಲಿಗೆ ನೂರು ರೂಪಾಯಿ ಇದ್ದರೆ ಆ ಒಂದು ನಿಲುಗಡೆಗೆ ಮೂರು ರೂಪಾಯಿ. ಕಾರಿನ ತೂಕ ಕಾಲು ಭಾಗ ಹೆಚ್ಚಿದರೆ ಈ ದಂಡವೂ ಕಾಲು ಭಾಗ ಹೆಚ್ಚು.

ಬ್ರೇಕಿನಲ್ಲಿ ಹೀಗೆ ಕಳೆಯುವ ಶಕ್ತಿಯಲ್ಲಿ ಒಂದಿಷ್ಟನ್ನು ಮೋಟಾರಿನಿಂದ ಮರಳಿ ಬ್ಯಾಟರಿಗೆ ತುಂಬಬಹುದು. 2010ರಲ್ಲಿ ಹೋಂಡಾ ಆರು ಗೇರಿನ ಮ್ಯಾನುಯಲ್ ಹೈಬ್ರಿಡ್ ಕಾರು ಸಿಆರ್-ಝಡ್ ತಂದು ಇದೇ ಸಾಹಸ ಮಾಡಿತು. ಆದರೆ ಅದರ ವಿದ್ಯುತ್ ಮೋಟಾರಿನದು ಬರೀ ಹತ್ತು ಕಿಲೊವ್ಯಾಟ್. ಬ್ಯಾಟರಿಯ ಭಾರ ಹೊತ್ತೂ ವೇಗದ ಹುಚ್ಚಿನವರಿಗೆ ಸಾಲದಾಯಿತು, ಮೈಲೇಜಿನವರಿಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

ರಾಜಿ ಅನಿವಾರ್ಯವಾಗುವ ಜಾಗ ಟೈರು. ರಸ್ತೆಯನ್ನು ಗಟ್ಟಿಯಾಗಿ ಕಚ್ಚುವ ಮೆದು ರಬ್ಬರು ಉರುಳುವಾಗ ಹೆಚ್ಚು ಶಕ್ತಿ ತಿನ್ನುವುದು ಸಾಮಾನ್ಯ. ಹೊಸ ಕಾರಿಗೆ ನೋಟಕ್ಕೆಂದು ಅಗಲದ ಟೈರು, ದೊಡ್ಡ ಅಲಾಯ್ ಚಕ್ರ ಹಾಕಿಸುವವರು ಪಿಕಪ್ಪನ್ನೂ ಮೈಲೇಜನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಕೊನೆಯ ಯಂತ್ರಭಾಗ ನಮ್ಮ ಬಲಗಾಲು. ಅರ್ಧ ಆಕ್ಸಿಲರೇಟರ್ ಒತ್ತಿ ಚುರುಕಾಗಿ ವೇಗ ಪಡೆದು ಬೇಗ ಮೇಲಿನ ಗೇರಿಗೆ ಹೋಗುವುದು ದುಂದಲ್ಲ, ಕೆಳಗಿನ ಗೇರಿನಲ್ಲಿ ಗುಂಯ್‌ಗುಡಿಸುತ್ತಾ ತೆವಳುವುದೇ ದುಂದು. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ಲಿಗೆ ಹಾಕುವವರು ಇಂದಿಗೂ ಇದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಪೆಟ್ರೋಲ್ ಸಿಂಪಡಣೆ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಉರಿಯುತ್ತಲೇ ಇರಬೇಕು. ಜೊತೆಗೆ ಎಂಜಿನ್ನಿನ ಹಿಡಿತವೂ ತಪ್ಪಿ ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ದೂರದ ತಿರುವನ್ನು ಮೊದಲೇ ಕಂಡು, ಕಾಲು ತೆಗೆದು, ಬ್ರೇಕ್ ಅಷ್ಟಾಗಿ ಮುಟ್ಟದೆ ಸಲೀಸಾಗಿ ದಾಟುವವನೇ ಒಳ್ಳೆಯ ಚಾಲಕ. ಅವನಿಗೆ ಸಿಗುವ ಮಜವೂ ಉಳಿಯುವ ಪೆಟ್ರೋಲೂ ಬಂದದ್ದು ಒಂದೇ ಕೌಶಲದಿಂದ.

ಹಾಗಾಗಿ ಮುಂದಿನ ಸಲ ಷೋರೂಮಿಗೆ ಹೋದಾಗ ಅಪ್ಪ, ಮಗ ಇಬ್ಬರೂ ತಮ್ಮ ಪ್ರಶ್ನೆಯ ಜೊತೆಗೆ ಮೂರನೆಯದೊಂದನ್ನು ಕೇಳಲಿ: "ಈ ಕಾರಿನ ತೂಕ ಎಷ್ಟು?" ಇಬ್ಬರಿಗೂ ಬೇಕಾದ ಉತ್ತರ ಹೆಚ್ಚಿನಂಶ ಅದರಲ್ಲೇ ಇದೆ.