ಸುಣ್ಣದ ಹಕ್ಕಳೆ ಎಬ್ಬಿಸುವ ಗುಳ್ಳೆ

ಹರಿವ ನೀರಿಗೆ ಅಡ್ಡವಾದ ಒಂದು ಸಣ್ಣ ಉಬ್ಬು ಲೋಹವನ್ನೂ ಕಾಂಕ್ರೀಟನ್ನೂ ತಿನ್ನಿಸಬಲ್ಲದು

ಬೆಂಗಳೂರಿನ ಕೆ.ಆರ್. ಪುರದ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಸಂಪಿನ ಮೋಟರು. ಅದರ ಗುಂಯ್‌ಗುಡುವ ದನಿಗೆ ಕಿವಿ ಒಗ್ಗಿಹೋಗಿರುತ್ತದೆ. ಒಂದು ದಿನ ಆ ದನಿ ಕೆಡುತ್ತದೆ. ಒಳಗೆ ಜಲ್ಲಿ ಸುರಿದು ತಿರುಗಿಸಿದ ಹಾಗೆ ಗರಗರ. ಪಂಪು ಬಿಚ್ಚಿ ನೋಡಿದರೆ ಜಲ್ಲಿ ಇಲ್ಲ, ಮರಳೂ ಇಲ್ಲ. ನೀರು ತಳ್ಳುವ ಚಕ್ರವಾದ ಇಂಪೆಲ್ಲರಿನ ರೆಕ್ಕೆಗಳ ಮೇಲೆ ಮಾತ್ರ ಗೆದ್ದಲು ತಿಂದಂಥ ಗುಳಿಗಳು. ತಿಂದದ್ದು ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಒಡೆದ ಗುಳ್ಳೆಗಳು. ಎಂಜಿನಿಯರುಗಳು ಇದನ್ನು ಕ್ಯಾವಿಟೇಷನ್ ಎನ್ನುತ್ತಾರೆ.

ನೀರು ಕುದಿಯಲು ಒಲೆಯೇ ಬೇಕೆಂದಿಲ್ಲ. ಒತ್ತಡ ತೀರ ಇಳಿದರೆ ತಣ್ಣೀರಿನಲ್ಲೂ ಆವಿಯ ಗುಳ್ಳೆ ಏಳುತ್ತದೆ. ಹರಿವು ಮುಂದೆ ಸಾಗಿ ಒತ್ತಡ ಮತ್ತೆ ಏರಿದೊಡನೆ ಆ ಗುಳ್ಳೆ ಕ್ಷಣದಲ್ಲಿ ಕುಸಿಯುತ್ತದೆ. ಆಗ ಎದ್ದ ಸೂಜಿಯಂಥ ನೀರಧಾರೆ ಲೋಹಕ್ಕೆ ಬಡಿಯುತ್ತದೆ. ಈ ಕುಸಿತದಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆಂದು ಲಾರ್ಡ್ ರೇಲಿ 1917ರಲ್ಲೇ ಲೆಕ್ಕ ಹಾಕಿದ್ದರು.

ಬೆಂಗಳೂರಿಗೆ ಇನ್ನೊಂದು ತೊಡಕಿದೆ. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ತಾಳುತ್ತದೆ. 900 ಮೀಟರಿಗೂ ಮೇಲಿರುವ ಇಂದಿರಾನಗರದಲ್ಲಿ ತಾಳುವುದು 9.3 ಮೀಟರಿನಷ್ಟೇ. ಸಂಪಿನಿಂದ ನೀರೆಳೆಯುವ ಪಂಪು ಇಲ್ಲಿ ಒಂದು ಮೀಟರ್ ಕಳೆದುಕೊಂಡೇ ಕೆಲಸ ಶುರುಮಾಡುತ್ತದೆ.

ಉಬ್ಬಿನ ಹಿಂದೆ ಸುಳಿ

ಒರಟುತನದ ಕಿತಾಪತಿ ಇಲ್ಲಿಂದ ಮುಂದೆ. ಗೋಡೆಯಿಂದ ಎದ್ದ ಉಬ್ಬನ್ನು ದಾಟುವಾಗ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಉಬ್ಬಿನ ಹಿಂದೆ ಏಳುವ ಸುಳಿಗಳ ನಡುವೆ ಅದು ಇನ್ನೂ ಕೆಳಗೆ. ಒರಟು ಮೈಯ ಬಿರುಕುಗಳಲ್ಲಿ ಅಡಗಿದ ಗಾಳಿಯ ಕಣಗಳೇ ಗುಳ್ಳೆಗೆ ಬೀಜವಾಗುತ್ತವೆ. ಗುಳ್ಳೆ ಕೊರೆದ ಗುಳಿ ಮತ್ತೊಂದು ಒರಟು ಜಾಗವಾಗಿ ಇನ್ನಷ್ಟು ಗುಳ್ಳೆ ಎಬ್ಬಿಸುತ್ತದೆ. ಮೈಯೆಲ್ಲ ಸಮನಾಗಿ ತರಿತರಿಯಾಗಿದ್ದರೆ ಗೋಡೆಯ ಪಕ್ಕದ ನೀರು ನಿಧಾನವಾಗಿ ಹರಿಯುತ್ತದೆ. ನುಣುಪು ಮೈಮೇಲಿನ ಒಂಟಿ ಉಬ್ಬಿಗಾದರೋ ಪೂರ್ತಿ ವೇಗದ ಹೊಡೆತ. ಹೆಚ್ಚಿನ ಅಪಾಯ ಅಲ್ಲೇ.

ಅಮೆರಿಕದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಈ ಪಾಠವನ್ನು 1983ರ ಪ್ರವಾಹದಲ್ಲಿ ಕಲಿತಿತು. ಹೆಚ್ಚುವರಿ ನೀರು ಬಿಡುವ ಸುರಂಗದ ಗೋಡೆಯಲ್ಲಿ ಸುಣ್ಣದ ಸಣ್ಣ ಹಕ್ಕಳೆಗಳು ಕಟ್ಟಿದ್ದವು. ರಭಸದ ನೀರು ಅವುಗಳ ಮೇಲೆ ಹಾರಿ ಗುಳ್ಳೆ ಎಬ್ಬಿಸಿತು. ಗುಳ್ಳೆಗಳು ಕಾಂಕ್ರೀಟನ್ನು ತಿಂದವು, ಅದರ ಹಿಂದಿನ ಮರಳುಗಲ್ಲನ್ನು ನೀರು ಕೊಚ್ಚಿತು. ಉಳಿದದ್ದು ಸುಮಾರು 10 ಮೀಟರ್ ಆಳದ ಹೊಂಡ. ದುರಸ್ತಿಯಲ್ಲಿ ಸುರಂಗಕ್ಕೆ ಗಾಳಿ ಸೇರಿಸುವ ತೋಡು ಕೊರೆದರು. ನೀರಿನಲ್ಲಿ ಬೆರೆತ ಗಾಳಿ ಗುಳ್ಳೆಯ ಕುಸಿತಕ್ಕೆ ಮೆತ್ತೆಯಾಗುತ್ತದೆ.

ಹಾಗೆಂದು ನುಣುಪೊಂದೇ ಮದ್ದಲ್ಲ. ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿಜಯ್ ಎಚ್. ಅರಕೇರಿ, ಕ್ಯಾಲಿಫೋರ್ನಿಯಾದಲ್ಲಿ ಆಲನ್ ಅಕೋಸ್ಟಾ ಅವರೊಂದಿಗೆ 1973ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು: ನುಣುಪಾದ ಮೈಯಲ್ಲೂ ನೀರಿನ ಪದರ ಗೋಡೆ ಬಿಟ್ಟು ಬೇರೆಯಾಗುವ ಕಡೆ ಗುಳ್ಳೆ ಹುಟ್ಟುತ್ತದೆ. ಅಂಥ ಕಡೆ ಮುಂಭಾಗವನ್ನು ತುಸು ಒರಟು ಮಾಡಿದರೆ ಪದರ ಕಲಕಿ ಗೋಡೆಗೆ ಅಂಟಿಕೊಂಡು ಹರಿಯುತ್ತದೆ, ಗುಳ್ಳೆ ಏಳುವುದು ತಡವಾಗುತ್ತದೆ. ಒರಟು ಎಲ್ಲಿದೆ, ಎಷ್ಟಿದೆ ಎಂಬುದೇ ಮುಖ್ಯ.

ಕೊನೆಯ ಕೆಲವು ಅಡಿ

ಗ್ಲೆನ್ ಕ್ಯಾನ್ಯನ್ನಿನ ಆ ಹಕ್ಕಳೆಗೂ ಕೆ.ಆರ್. ಪುರದ ಬೋರ್‌ವೆಲ್ಲಿನ ಉಪ್ಪು ನೀರು ಬಕೆಟ್ಟಿಗೆ ಕಟ್ಟುವ ಬಿಳಿ ಕರೆಗೂ ಮೂಲ ಒಂದೇ, ಸುಣ್ಣ. ಅದು ಸಂಪಿನಿಂದ ನೀರೆಳೆಯುವ ಸಕ್ಷನ್ ಪೈಪಿನೊಳಗೂ ಕಟ್ಟುತ್ತದೆ. ಹಲಸೂರು, ಶಿವಾಜಿನಗರದ ಹಳೆಯ ಕಟ್ಟಡಗಳ ಜಿಐ ಪೈಪುಗಳಲ್ಲಿ ತುಕ್ಕೂ ಜೊತೆಗೂಡುತ್ತದೆ. ಒರಟು ಪೈಪು ಹರಿವಿಗೆ ತಡೆಯೊಡ್ಡಿ, ಇಂಪೆಲ್ಲರಿನ ಬಾಯಿಗೆ ಬರುವಷ್ಟರಲ್ಲಿ ಒತ್ತಡವನ್ನು ಇನ್ನಷ್ಟು ಇಳಿಸುತ್ತದೆ.

ಕಾವೇರಿ 5ನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಆ ನೀರು ನೂರು ಕಿಲೋಮೀಟರ್ ಹರಿದು, ಸುಮಾರು 500 ಮೀಟರ್ ಮೇಲೇರಿ ನಮ್ಮ ಸಂಪಿಗೆ ಬರುತ್ತದೆ. ಅಷ್ಟು ದೂರ ಬಂದ ನೀರನ್ನು ಕೊನೆಯ ಕೆಲವು ಅಡಿಗಳಲ್ಲಿ ಕಾಯುವ ಹೊಣೆ ನಮ್ಮದು. ಸಕ್ಷನ್ ಪೈಪು ಅಗಲವಾಗಿ, ಗಿಡ್ಡವಾಗಿ ಇರಲಿ. ಅದರ ತಳದ ಫುಟ್‌ವಾಲ್ವಿನ ಜಾಲರಿ ಶುಚಿಯಾಗಿರಲಿ. ಜೋಡಣೆಯಲ್ಲಿ ಗ್ಯಾಸ್ಕೆಟ್ ಒಳಕ್ಕೆ ಚಾಚಿದ್ದರೆ ಕತ್ತರಿಸಿ. ಗರಗರ ದನಿ ಕೇಳಿದ ದಿನವೇ ಮೋಟರು ನಿಲ್ಲಿಸಿ, ಪೈಪಿನೊಳಗೆ ಬೆರಳಾಡಿಸಿ ನೋಡಿ. ತರಿತರಿ ಸಿಕ್ಕರೆ ಇಂಪೆಲ್ಲರ್ ಬದಲಿಸುವ ಮುನ್ನ ಆ ಹಕ್ಕಳೆ ಕೆರೆಯಿರಿ.