ನೆರಳಾಟದೊಳಗಣ ವಿಜ್ಞಾನ

ಬೆಂಗಳೂರಿನ ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಿಂದ ಬಲಕ್ಕೆ ಹೊರಳಿದರೆ ದೊರೆಯುವ ಅಮೃತಹಳ್ಳಿಗೆ ನೆರೆಯೂರಾದ ಜಕ್ಕೂರಿನಲ್ಲಿ, 1989ರಲ್ಲಿ ಸ್ಥಾಪಿತವಾಗಿ ಸಿ. ಎನ್. ಆರ್. ರಾಯರ ನೇತೃತ್ವದಲ್ಲಿ ಬೆಳೆದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು, ಗಹನವಾದ ಸಂಶೋಧನೆಯ ನಡುವೆಯೂ ಶಾಲಾಬಾಲಕರಿಗೆ ವಿಜ್ಞಾನವನ್ನು ಬೋಧಿಸುವುದು ತನ್ನ ಧರ್ಮವೆಂದು ಬಗೆದಿರುವುದು ಈ ಸೀಮೆಯ ಭಾಗ್ಯವೇ ಸರಿ. ಆದರೆ ಅಕ್ಷರಾಭ್ಯಾಸವೇ ಇನ್ನೂ ಮುಗಿಯದ ಐದು ವರ್ಷದ ಕೂಸಿಗೆ ಪ್ರಯೋಗಶಾಲೆಯೂ ಬೇಡ, ಶಿವರಾಮ ಕಾರಂತರು 1936ರಲ್ಲಿಯೇ ಕನ್ನಡದ ಮಕ್ಕಳಿಗಿತ್ತ ‘ಬಾಲಪ್ರಪಂಚ’ದಂತಹ ಗ್ರಂಥವೂ ಆಗಲೇ ಬೇಡ, ಮನೆಯ ತಾರಸಿ, ಒಂದಿಷ್ಟು ಬಿಸಿಲು, ಎಷ್ಟು ಕೇಳಿದರೂ ಬೇಸರಿಸದ ಅಜ್ಜಿ ಇದ್ದರೆ ಸಾಕು.

ಒಬ್ಬರ ನೆರಳನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ತುಳಿಯುವ ಆಟ ಯಾವ ಮಗುವಿಗೆ ತಿಳಿಯದು? ಆ ಉತ್ಸಾಹ ಆರುವ ಮುನ್ನವೇ, ಹಸಿ ಜೇಡಿಮಣ್ಣಿನ ಉಂಡೆಯೊಂದರಲ್ಲಿ ಗೇಣುದ್ದದ ಕಡ್ಡಿಯನ್ನು ನೆಟ್ಟಗೆ ಚುಚ್ಚಿಟ್ಟು, ಅದರ ನೆರಳಿನ ತುದಿಗೆ ಗಂಟೆಗೊಮ್ಮೆ ಸೀಮೆಸುಣ್ಣದಿಂದ ಗುರುತು ಹಾಕಲು ಮಗುವಿಗೇ ಹೇಳಬೇಕು. ಬೆಳಗ್ಗೆ ಪಶ್ಚಿಮಕ್ಕೆ ನೀಳವಾಗಿ ಚಾಚಿದ್ದ ನೆರಳು ಮೆಲ್ಲಮೆಲ್ಲನೆ ಕುಗ್ಗಿ, ಮಧ್ಯಾಹ್ನಾನಂತರ ಪೂರ್ವಕ್ಕೆ ಹೊರಳಿ ಮತ್ತೆ ಬೆಳೆಯುವುದನ್ನು ತಾನೇ ಹಾಕಿದ ಗುರುತುಗಳಲ್ಲಿ ಕಂಡ ಮಗು, “ಇದು ಯಾಕಜ್ಜೀ ಓಡ್ತಾ ಇದೆ?” ಎಂದು ಕೇಳೀತು. ಆಗ ಭೂಭ್ರಮಣದ ಪಾಠವನ್ನು ಒಪ್ಪಿಸಿಬಿಡುವ ಆತುರವನ್ನು ಹಿರಿಯರು ತಡೆದುಕೊಳ್ಳಬೇಕೆಂಬುದು ನನ್ನ ದೃಢವಾದ ನಂಬಿಕೆ; “ನಾಳೆನೂ ಹೀಗೇ ಓಡುತ್ತಾ ನೋಡೋಣ, ಪುಟ್ಟಾ” ಎಂದರೆ ಮಗು ಮರುದಿನವೂ ತಾನಾಗಿಯೇ ಮೆಟ್ಟಿಲೇರಿ ಬರುತ್ತದೆ.

ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನ ಮಕ್ಕಳಿಗೆ, ದೆಹಲಿಯ ಮಕ್ಕಳು ತಮ್ಮೂರಿನಲ್ಲಿ ಎಂದೂ ಕಾಣಲಾರದ ಕೌತುಕವೊಂದು ವರ್ಷಕ್ಕೆರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಲಭಿಸುತ್ತದೆ: ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಂತು, ಕಡ್ಡಿಯ ನೆರಳು ಅದರ ಬುಡದಲ್ಲಿಯೇ ಅಡಗಿಹೋಗುತ್ತದೆ. ನಮ್ಮ ಗಡಿಯಾರಗಳು ಅನುಸರಿಸುವ 82.5 ಡಿಗ್ರಿ ರೇಖಾಂಶಕ್ಕಿಂತ ನಾವು ಪಶ್ಚಿಮದಲ್ಲಿರುವುದರಿಂದ, ಏಪ್ರಿಲ್‌ನಲ್ಲಿ ಈ ಕ್ಷಣ ಒದಗುವುದು ಸುಮಾರು 12 ಗಂಟೆ 18 ನಿಮಿಷಕ್ಕೆ. ಈ ಲೆಕ್ಕ ಕೂಸಿಗೆ ಬೇಡ, ಹೈಸ್ಕೂಲು ಓದುವ ಅಕ್ಕ ಮಾಡಲಿ. ಆ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬಾಗುವುದನ್ನೂ, ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ ಬೀಳುವುದನ್ನೂ ಮಗುವೇ ಕಂಡುಹಿಡಿಯಬಲ್ಲುದು.

ಆಗಸ್ಟ್‌ನಲ್ಲಿ ಮೋಡ ಕವಿದಿದ್ದರೆ, ಕಾಗದ ತುರುಕಿದ ಲೋಟವನ್ನು ಬೋರಲಾಗಿ ಬಕೆಟ್ಟಿನ ನೀರಿನಲ್ಲಿ ಅದ್ದಿ, ಕಾಗದ ನೆನೆಯದಂತೆ ಒಳಗಿನ ಗಾಳಿ ನೀರನ್ನು ತಡೆಯುವುದನ್ನು ನೋಡಬಹುದು. ನೆರಳಿನ ಪ್ರಯೋಗಕ್ಕೆ ಏಪ್ರಿಲ್ ಲೇಸು, ಶಾಲೆಗೆ ರಜೆಯೂ ಇರುತ್ತದೆ. ಆದರೆ ಮಗುವನ್ನು ಸೂರ್ಯನತ್ತ ನೇರವಾಗಿ ನೋಡಗೊಡಬಾರದು, ಕಾದ ತಾರಸಿಗೆ ಬರಿಗಾಲಲ್ಲಿ ಬಿಡಬಾರದು.